ಆಚೆ ದಡದಲ್ಲಿ ನಿಂತವಳು

ಹನುಮಂತನಗರ, ಭಾನುವಾರ

ಪುಟ್ಟಿ ಧನುಶ್ರೀ,

ನಾಳಿದ್ದು ನನ್ನ ಕಣ್ಣಿನ ಪೊರೆ ತೆಗೆಯುತ್ತಾರೆ. ಹಳ್ಳಿ ಶಾಲೆಯಲ್ಲಿದ್ದಾಗಲೇ ನಾಗರಹಾವಿನ ಬಾಲ ಹಿಡಿದವನು ನಾನು, ನನಗೇನು ಭಯ? ಹಾಗೆಂದರೆ ನಿಮ್ಮತ್ತೆ, "ಹೌದೌದು, ಹಲ್ಲು ಕೀಳಿಸೋಕೆ ಹೋಗಿ ಓಡಿಬಂದ ವೀರ ಅಲ್ವಾ ನೀವು!" ಅಂದಳು.

ನೀನು ಓದಿ ಹೇಳಿದ ಆ ಹಳೆಯ ಅಮೆರಿಕನ್ ಕಾದಂಬರಿಯದೇ ಯೋಚನೆ. ಈಜು ಬಾರದ ದೋಣಿಯವನು ತುಂಬಿದ ಹೊಳೆಗೆ ದೋಣಿ ಇಳಿಸಿದನಲ್ಲ, ಅದನ್ನು ನೀನು ಧೈರ್ಯ ಅಂದೆ. ನನಗೇನೋ ಅವನು ನಡುಗುತ್ತಲೇ ಹೋದ ಅನ್ನಿಸುತ್ತದೆ. ಆಚೆ ದಡದಲ್ಲಿ ಮಗಳು ನಿಂತಿದ್ದಳು, ಅದಕ್ಕೇ ಹೋದ.

ಮಂಗಳವಾರ ಕಾಲೇಜಿಗೆ ರಜೆ ಹಾಕಿ ಆಸ್ಪತ್ರೆಗೆ ಬಾ. ಹೆದರಿರುವುದು ನೀನು ಎಂದು ಅತ್ತೆಗೆ ಹೇಳಿಟ್ಟಿದ್ದೇನೆ, ನನ್ನನ್ನು ಬಿಟ್ಟುಕೊಡಬೇಡ. ಆಪರೇಷನ್ ಕೋಣೆಯ ಬಾಗಿಲಾಚೆ ನಿಂತಿರು, ಸಾಕು.

ನಿನ್ನ ಧೈರ್ಯಶಾಲಿ ಸೋದರಮಾವ,
ಆಂಜಿನಯ್ಯ