ಬಯಲಿನ ಪಾಠಕ್ಕೆ ಯಾರು ಬರಬಹುದು

ಬೊಮ್ಮಸಂದ್ರ
೧೩ ಆಗಸ್ಟ್ ೨೦೨೦, ಗುರುವಾರ

ಪ್ರೀತಿಯ ಅಪ್ಪಾಜಿಗೆ ಕೃಪಾಳ ನಮಸ್ಕಾರಗಳು.

ಹುಣಸೂರಿನಲ್ಲಿ ಮಳೆ ಹಿಡಿದಿದೆಯೇ? ಬೆಳಗಿನ ಹೊತ್ತು ನಿಮಗೆ ಕೆಮ್ಮು ಜಾಸ್ತಿಯಾಗಿದೆ ಎಂದು ಶ್ರೀಧರಣ್ಣ ಹೇಳಿದ. ನೀವು ಮಾತ್ರ ನಿಮ್ಮ ಕಾಗದದಲ್ಲಿ ಅದರ ಸುದ್ದಿಯನ್ನೇ ಎತ್ತಿಲ್ಲ. ಉಸಿರಿನ ಪಂಪನ್ನು ಎರಡು ಹೊತ್ತೂ ಎಳೆದುಕೊಳ್ಳುತ್ತಿದ್ದೀರಾ, ಇಲ್ಲ ಉಸಿರು ಕಟ್ಟಿದಾಗ ಮಾತ್ರವಾ? ಪೀಣ್ಯದ ಫೌಂಡ್ರಿಯಲ್ಲಿ ಅಷ್ಟು ವರ್ಷ ಹೊಗೆ ಕುಡಿದ ಎದೆ ಅದು, ಹುಡುಗಾಟ ಬೇಡ. ಅತ್ತಿಗೆಯ ಸಾರಿನಲ್ಲಿ ಖಾರ ಹೆಚ್ಚು ಎಂದು ಬರೆದಿದ್ದೀರಿ. ಈ ಕಾಗದವನ್ನು ಅವರ ಕೈಗೆ ಕೊಡುವಾಗ ಈ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಳ್ಳಿ.

ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮ ಅಳಿಯ ಮಾರ್ಚಿನಿಂದ ಹಾಲಿನಲ್ಲೇ ಆಫೀಸು ತೆರೆದುಕೊಂಡು ಕೂತಿದ್ದಾರೆ. ಮೀಟಿಂಗ್ ನಡೆಯುವಾಗ ನಾನು ಕುಕ್ಕರ್ ಕೂಗಿಸುವಂತಿಲ್ಲ. ಲಿಖಿತ್ ಒಳಕೋಣೆಯಲ್ಲಿ ಹಳೆಯ ಲ್ಯಾಪ್‌ಟಾಪಿನ ಮುಂದೆ ಕ್ಲಾಸು ಕೇಳುತ್ತಾನೆ, ಅಥವಾ ಕೇಳಿದಂತೆ ಮಾಡುತ್ತಾನೆ. ಫೆಬ್ರವರಿ ಕೊನೆಯಲ್ಲಿ ಒಂದು ವಾರದ ಮಟ್ಟಿಗೆಂದು ಮಗನ ಮನೆಗೆ ಹೋದವರು ನೀವು ಲಾಕ್‌ಡೌನಿನಲ್ಲಿ ಸಿಕ್ಕಿ ಅಲ್ಲೇ ಉಳಿದುಬಿಟ್ಟಿರಿ. ತಾತ ಇದ್ದಿದ್ದರೆ ಲೆಕ್ಕ ಹೇಳಿಕೊಡುತ್ತಿದ್ದರು ಎಂದು ಅವನು ಆಗಾಗ ಅನ್ನುತ್ತಾನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದವರಂತೆ "ಆಯ್ತಮ್ಮ, ಆಯ್ತಮ್ಮ" ಎಂದು ಇಟ್ಟುಬಿಡುತ್ತೀರಿ. ಈ ಸಲದ ವಿಷಯಕ್ಕೆ ಬರೀ ಆಯ್ತಮ್ಮ ಸಾಲದು.

ನಮ್ಮ ಸರ್ಕಾರಿ ಶಾಲೆ ಮುಚ್ಚಿದ್ದು ನಿಮಗೆ ಗೊತ್ತೇ ಇದೆ. ಹೋದ ತಿಂಗಳು ಹೊಸ ಪುಸ್ತಕಗಳು ಬಂದವು. ಮಕ್ಕಳನ್ನು ಕರೆಯುವಂತಿಲ್ಲವಲ್ಲ, ನಾನೇ ಮನೆಮನೆಗೆ ಕೊಟ್ಟುಬರಲು ಹೊರಟೆ. ಶಾಲೆಯ ಹಿಂದೆ ವೆಂಕಟೇಶಪ್ಪನವರ ವಠಾರವಿದೆಯಲ್ಲ, ಶೀಟು ಹಾಕಿದ ಸಾಲು ರೂಮುಗಳು, ಅಲ್ಲಿರುವುದೆಲ್ಲ ಕೊಪ್ಪಳ, ಗದಗ ಕಡೆಯ ಕುಟುಂಬಗಳು. ನಾಲ್ಕನೇ ಕ್ಲಾಸಿನ ಶಿವಗಂಗಾಳ ರೂಮಿಗೆ ಹೊರಗಿನಿಂದ ಬೀಗ ಹಾಕಿತ್ತು. ಊರಿಗೆ ಹೋಗಿರಬೇಕೆಂದು ಮುಂದೆ ಹೆಜ್ಜೆ ಇಟ್ಟೆ. ಒಳಗಿನಿಂದ ಅಳು ಕೇಳಿಸಿತು. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಶಿವಗಂಗಾ ನಿಂತಿದ್ದಾಳೆ, ಅವಳ ತಮ್ಮ ಮುತ್ತು ನೆಲದ ಮೇಲೆ ಕೂತು ಕೈ ಹಿಡಿದುಕೊಂಡು ಅಳುತ್ತಿದ್ದಾನೆ, ಸುತ್ತ ಅನ್ನ ಚೆಲ್ಲಿದೆ. ಅಕ್ಕ ಗಂಜಿ ಬಸಿಯುವಾಗ ಪಾತ್ರೆ ಜಾರಿ ಅವನ ತೋಳಿನ ಮೇಲೆ ಬಿದ್ದಿತ್ತು. ಬಾಗಿಲು ತೆಗೆ ಎಂದೆ. "ಬರಂಗಿಲ್ರಿ ಟೀಚರ್, ಕೀಲಿ ಅವ್ವನ ಕಡೆ ಐತ್ರಿ" ಎಂದಳು. ಅವ್ವ ಮಾತ್ರೆ ಪ್ಯಾಕ್ ಮಾಡುವ ಫ್ಯಾಕ್ಟರಿಯಲ್ಲಿದ್ದಳು. ಅಲ್ಲಿ ಒಳಗೆ ಫೋನು ಒಯ್ಯುವಂತಿಲ್ಲ. ಅಪ್ಪ ಎಲ್ಲೋ ಕಟ್ಟಡದ ಕೆಲಸಕ್ಕೆ ಹೋಗಿದ್ದ.

ನಾನು ವೆಂಕಟೇಶಪ್ಪನವರಿಗೆ ಫೋನು ಮಾಡಿದೆ. ಅವರು ವಠಾರದ ಮಾಲೀಕರಷ್ಟೇ ಅಲ್ಲ, ನಮ್ಮ ಶಾಲಾ ಸಮಿತಿಯ ಅಧ್ಯಕ್ಷರೂ ಹೌದು. ಲುಂಗಿಯಲ್ಲೇ ಓಡಿ ಬಂದರು, ಹಾರೆಯಿಂದ ಚಿಲಕ ಕಿತ್ತರು, ಹುಡುಗನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಆಸ್ಪತ್ರೆಗೆ ಹೊರಟರು. ಮಾಸ್ಕು ಹಾಕಿಕೊಳ್ಳಲೂ ಅವರಿಗೆ ನೆನಪಾಗಿರಲಿಲ್ಲ. ಮುತ್ತುವಿನ ತೋಳು ಈಗ ಒಣಗುತ್ತಾ ಬಂದಿದೆ, ಕಲೆ ಉಳಿಯುತ್ತದೆ.

ಸಂಜೆ ಅವನ ತಾಯಿ ದಾನೇಶ್ವರಿ ಶಾಲೆಗೆ ಬಂದಳು. ಬೈಯಬೇಕೆಂದೇ ಕಾದಿದ್ದೆ, ಅವಳ ಮುಖ ನೋಡಿ ಕುರ್ಚಿ ಎಳೆದು ಕೊಟ್ಟೆ. "ಕೀಲಿ ಹಾಕಿ ಹೋಗಾಕ ನನಗೇನ್ ಖುಷಿ ಐತೇನ್ರಿ ಟೀಚರ್. ಬಾಗಲಾ ತೆರದಿಟ್ರ ಲಾರಿ ರಸ್ತೇಕ ಓಡ್ತಾವು. ಜಡ್ಡು ಬಂದ್ರ ಬಂದೀತು, ಬರದನೂ ಇದ್ದೀತು. ಲಾರಿ ದಿನಾ ಬರ್ತಾವ್ರಿ." ಸಾಲಿ ಇದ್ದಾಗ ಈ ಚಿಂತೆ ಇರಲಿಲ್ಲ ಎಂದಳು. ಮಧ್ಯಾಹ್ನ ಅಲ್ಲೇ ಉಣ್ಣುತ್ತಿದ್ದವು, ಸಂಜೆಯವರೆಗೆ ಅಲ್ಲೇ ಇರುತ್ತಿದ್ದವು.

ಅಂದೇ ನನಗೆ ಬಯಲಿನಲ್ಲಿ ಪಾಠ ಶುರುಮಾಡಬೇಕು ಅನ್ನಿಸಿತು. ನಿಮ್ಮ ಅಳಿಯ ತಡೆದರು. "ಒಂದ್ ಮನೆ ನೋಡ್ಕೊಂಡು ಊರಿಗೆಲ್ಲ ತೀರ್ಮಾನ ಮಾಡ್ಬೇಡ ಕಣೆ" ಎಂದರು. ಕೋಪ ಬಂತು, ಮಾತು ಮಾತ್ರ ಸರಿಯಾಗಿತ್ತು. ನಮ್ಮ ಇನ್ನೊಬ್ಬ ಟೀಚರು ಶಾಂತಿ ಬಸುರಿ, ಹೊರಗೆ ಬರುವುದಿಲ್ಲ. ಅವಳು ಫೋನಿನಲ್ಲಿ, ನಾನು ನಡೆದುಕೊಂಡು, ಎಲ್ಲ ಮಕ್ಕಳ ಮನೆಯನ್ನೂ ವಿಚಾರಿಸಿದೆವು. ಎಲ್ಲ ಕಡೆ ಬೀಗವಿಲ್ಲ, ಅದನ್ನೂ ಹೇಳಬೇಕು. ಕೆಲವು ಮನೆಗಳಲ್ಲಿ ಅಮ್ಮ ಕೆಲಸ ಬಿಟ್ಟಿದ್ದಾಳೆ, ಕೆಲವು ಕಡೆ ಪಕ್ಕದ ರೂಮಿನವರು ನೋಡಿಕೊಳ್ಳುತ್ತಾರೆ. ಆದರೆ ವಠಾರಗಳಲ್ಲಿ ಸುಮಾರು ಅರ್ಧ ಮಕ್ಕಳು ಹಗಲೆಲ್ಲ ದೊಡ್ಡವರಿಲ್ಲದೆ ಇದ್ದರು. ಮಾರ್ಚಿನಲ್ಲಿ ಗಡಗಡ ಓದುತ್ತಿದ್ದ ಶಿವಗಂಗಾ ಈಗ ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾಳೆ. ಕಾಯಿಲೆಯ ಲೆಕ್ಕ ದಿನಾ ಸಂಜೆ ಟಿವಿಯಲ್ಲಿ ಬರುತ್ತದೆ. ಈ ಲೆಕ್ಕ ಎಲ್ಲೂ ಬರುವುದಿಲ್ಲ. ಹಾಗೆಂದು ಟಿವಿಯ ಲೆಕ್ಕ ಸುಳ್ಳೂ ಅಲ್ಲ, ಅದೇ ನನಗೆ ಕಷ್ಟವಾಗಿದ್ದು.

ಆರೋಗ್ಯ ಕೇಂದ್ರದ ಡಾಕ್ಟರು ಯಮುನಾ ಅವರನ್ನು ಕೇಳಿದೆ. ಚಿಕ್ಕ ವಯಸ್ಸಿನವರು, ಕಣ್ಣ ಸುತ್ತ ಕಪ್ಪು ಕಟ್ಟಿದೆ. ಅವರು ಧೈರ್ಯವನ್ನೂ ಹೇಳಲಿಲ್ಲ, ಹೆದರಿಸಲೂ ಇಲ್ಲ. "ಮಕ್ಕಳಿಗೆ ಹೆಚ್ಚಾಗಿ ಜೋರಾಗಿ ಬರ್ತಿಲ್ಲ ಮೇಡಂ, ಇಲ್ಲಿವರೆಗೂ ನೋಡಿರೋದು ಅಷ್ಟು. ಅವರಿಂದ ಮನೇವರಿಗೆ ಎಷ್ಟು ಹರಡತ್ತೆ ಅಂತ ನಂಗೂ ಸರಿಯಾಗಿ ಗೊತ್ತಿಲ್ಲ. ಬಯಲಲ್ಲಿ ಕಡಿಮೆ, ಮುಚ್ಚಿದ ರೂಮಲ್ಲಿ ಜಾಸ್ತಿ. ಏನೂ ಆಗಲ್ಲ ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸ್ಬೇಡಿ" ಎಂದರು. ಅಷ್ಟು ಸಾಕಾಗಿತ್ತು ಎನ್ನಲಾರೆ. ಆದರೆ ತಿಳಿಯದ್ದನ್ನು ತಿಳಿಯದು ಎಂದರಲ್ಲ, ಆಮೇಲೆ ಅವರು ತಿಳಿದಿದೆ ಎಂದದ್ದನ್ನು ನಾನು ನಂಬಿದೆ.

ಮೊನ್ನೆ ಶಾಲೆಯ ಹೊಂಗೆಮರದ ಕೆಳಗೆ ಸಮಿತಿಯ ಸಭೆ ಸೇರಿದೆವು. ಕುರ್ಚಿಗಳನ್ನು ದೂರ ದೂರ ಹಾಕಿ ಕೂತಿದ್ದರಿಂದ ಪ್ರತಿಯೊಬ್ಬರೂ ಕೂಗಿ ಮಾತಾಡಬೇಕಾಯಿತು. ಹೆಚ್ಚು ವಿರೋಧಿಸಿದವರು ವೆಂಕಟೇಶಪ್ಪನವರೇ. ಹುಡುಗನ ಸುಟ್ಟ ಕೈ ಕಣ್ಣಾರೆ ಕಂಡವರು ಹೀಗೇಕೆ ಎಂದು ನಿಮಗೂ ಅನ್ನಿಸಬಹುದು. ಅವರ ಅಣ್ಣ ಇದೇ ಕಾಯಿಲೆಯಿಂದ ಜುಲೈನಲ್ಲಿ ಹೋದರಂತೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ದೇಹವನ್ನು ಇವರು ರಸ್ತೆಯ ಆಚೆ ನಿಂತು ನೋಡಿದ್ದಾರೆ. "ಮಕ್ಳಿಗೇನೂ ಆಗಕ್ಕಿಲ್ಲ ಅಂತೀರ ಟೀಚರಮ್ಮ, ಆಗದೇ ಇರ್ಲಿ. ಅವು ಸಂಜೀಗೆ ಮನೇಗೇ ತಾನೇ ಓಗೋದು? ಮನೇಲಿ ಅಜ್ಜಿ ಇರ್ತಾಳೆ, ತಾತ ಇರ್ತಾನೆ. ಅವ್ರನ್ನ ಯಾರು ಕೇಳ್ದೋರು?" ಎಂದರು. ಅವರು ಹೇಳಿದ್ದರಲ್ಲಿ ತಪ್ಪು ಎಲ್ಲಿದೆ?

ಆ ಮಾತನ್ನೇ ಹಿಡಿದುಕೊಂಡು ಯೋಚಿಸುತ್ತಿದ್ದಾಗ ನನಗೊಂದು ಹೊಳೆಯಿತು. ವಠಾರದ ಮಕ್ಕಳ ಮನೆಗಳಲ್ಲಿ ಅಜ್ಜ ಅಜ್ಜಿ ಇಲ್ಲವೇ ಇಲ್ಲ, ಅವರೆಲ್ಲ ಊರಿನಲ್ಲಿದ್ದಾರೆ. ಅಜ್ಜ ಅಜ್ಜಿ ಇರುವುದು ಇಲ್ಲಿನ ಮೂಲದವರ ಮನೆಗಳಲ್ಲಿ, ಅಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಇದ್ದೇ ಇರುತ್ತಾರೆ. ಹಾಗಾದರೆ ವಯಸ್ಸಾದವರಿಲ್ಲದ ಮನೆಯ ಮಕ್ಕಳು ಬಯಲಿಗೆ ಬರಲಿ, ಉಳಿದವರಿಗೆ ಶಾಂತಿ ಫೋನಿನಲ್ಲಿ ಪಾಠ ಹೇಳಲಿ, ಮಳೆ ಬಂದರೆ ಒಳಗೆ ಕೂರಿಸದೆ ಮನೆಗೆ ಕಳಿಸೋಣ ಎಂದೆ. ಇಲ್ಲಿನ ಮೂಲದ ಒಬ್ಬ ತಾಯಿ ಎದ್ದು ನಿಂತು, "ನಮ್ಮನೇಲಿ ಅತ್ತೆ ಬದುಕಿರೋದು ನನ್ ಮಗಳ ತಪ್ಪಾ?" ಎಂದು ಕೇಳಿದಳು. ಅವಳ ಮನೆಯಲ್ಲಿರುವುದು ಒಂದೇ ಫೋನು, ಅದೂ ಗಂಡನ ಜೇಬಿನಲ್ಲಿ. ವಾರಕ್ಕೊಮ್ಮೆ ಮನೆಯ ಬಾಗಿಲಿಗೆ ಬಂದು ಬರೆದದ್ದನ್ನು ತಿದ್ದಿ ಕೊಡುತ್ತೇನೆ ಎಂದೆ. ಅದು ಸಮನಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಎಲ್ಲರಿಗೂ ಸಮ ಮಾಡಬೇಕೆಂದರೆ ಎಲ್ಲ ಮಕ್ಕಳನ್ನೂ ಒಳಗೇ ಇಡಬೇಕು, ಇಲ್ಲ ಎಲ್ಲ ಅಜ್ಜಿಯರನ್ನೂ ಅಪಾಯಕ್ಕೆ ಒಡ್ಡಬೇಕು. ಎರಡಕ್ಕೂ ನನಗೆ ಮನಸ್ಸಾಗಲಿಲ್ಲ.

ವೆಂಕಟೇಶಪ್ಪನವರು ಕೊನೆಗೆ ಒಪ್ಪಿದರು. ಯಾರ ಮನೆಯಲ್ಲಾದರೂ ಜ್ವರ ಎಂದರೆ ಅಂದೇ ಪಾಠ ನಿಲ್ಲಬೇಕು ಎಂಬ ಷರತ್ತು ಹಾಕಿದರು. ನಾನೂ ಒಪ್ಪಿದೆ, ಬರುವ ಸೋಮವಾರದಿಂದ ಪಾಠ ಎಂದು ತೀರ್ಮಾನವಾಯಿತು. ಈಗ ಅವರೇ ತಮ್ಮ ವಠಾರದ ಟ್ಯಾಂಕಿನಿಂದ ಪೈಪು ಎಳೆಸಿ, ಮರದ ಪಕ್ಕ ಕೈ ತೊಳೆಯಲು ನಲ್ಲಿ ಹಾಕಿಸುತ್ತಿದ್ದಾರೆ. ಇದು ಸರಿಹೋಗುತ್ತದೋ ಇಲ್ಲವೋ ತಿಳಿಯದು, ಅಪ್ಪಾಜಿ. ತಿಂಗಳು ಕಳೆದ ಮೇಲೆ ನೋಡಿ, ತಪ್ಪಾಗಿದ್ದರೆ ನಿಲ್ಲಿಸುತ್ತೇನೆ. ಅಷ್ಟನ್ನು ನನಗೆ ನಾನೇ ಹೇಳಿಕೊಂಡಿದ್ದೇನೆ.

ಶ್ರೀಧರಣ್ಣನಿಗೂ ಅತ್ತಿಗೆಗೂ ನನ್ನ ನೆನಪು ಹೇಳಿ. ನಿಮ್ಮ ಆಶೀರ್ವಾದ ನನ್ನ ಮೇಲೂ ಆ ಮಕ್ಕಳ ಮೇಲೂ ಇರಲಿ. ಬಿಸಿನೀರು ಕುಡಿಯಿರಿ, ಮಂಜಿನಲ್ಲಿ ವಾಕಿಂಗ್ ಬೇಡ.

ನಿಮ್ಮ ಮಗಳು,
ಕೃಪಾ

ವಿ.ಸೂ.: ಸಭೆಯ ಒಂದು ಮಾತನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಎಲ್ಲ ಮುಗಿದು ಏಳುವಾಗ ವೆಂಕಟೇಶಪ್ಪನವರು, "ಈ ರೂಲು ಟೀಚರಿಗೂ ಐತಾ? ನಿಮ್ಮನೇಲಿ ಅಪ್ಪಾಜಿ ಅವ್ರೆ ಅಲ್ವಾ?" ಎಂದು ಕೇಳಿದರು. ನೀವು ಹುಣಸೂರಿನಲ್ಲಿದ್ದೀರಿ, ಪಾಠ ನಡೆಯುವಷ್ಟು ದಿನ ಅಲ್ಲೇ ಇರುತ್ತೀರಿ ಎಂದುಬಿಟ್ಟೆ. ನಿಮ್ಮನ್ನು ಒಂದು ಮಾತು ಕೇಳದೆ ಹೇಳಿದೆ. ಗೌರಿ ಹಬ್ಬಕ್ಕೆ ಬಂದೇ ಬರುತ್ತೇನೆ, ನನ್ನ ಮಂಚದಲ್ಲಿ ಮಲಗಿ ಆರು ತಿಂಗಳಾಯಿತು ಎಂದು ನೀವು ಬರೆದಿದ್ದೀರಿ. ಬರಬೇಡಿ, ಅಪ್ಪಾಜಿ. ಮೇಲಿನ ರೂಮಿನಲ್ಲಿ ಇರಿಸೋಣವೆಂದರೆ ಮೆಟ್ಟಿಲು ಹತ್ತಲು ನಿಮಗೆ ಉಸಿರು ಸಾಲದು, ಕೆಳಗೆ ಇರುವುದು ಒಂದೇ ಬಚ್ಚಲು. ದೀಪಾವಳಿಗೂ ಆಗುತ್ತದೋ ಇಲ್ಲವೋ ಹೇಳಲಾರೆ. ಕೋಪ ಬಂದರೆ ಬೈದು ಬರೆಯಿರಿ, ಫೋನಿನಲ್ಲಿ ಮಾತ್ರ ಆಯ್ತಮ್ಮ ಅನ್ನಬೇಡಿ. ನಿಮ್ಮ ಕಾಗದ ಬರುವುದರೊಳಗೆ ಸೋಮವಾರ ಬಂದಿರುತ್ತದೆ, ನಾನು ಪಾಠ ಶುರುಮಾಡಿರುತ್ತೇನೆ.