ಭುಜದಾಚೆಗೆ ಒಂದು ನೋಟ

ಕೋಮಲ,

ನೀನು ಓದುವುದಿಲ್ಲ, ಗೊತ್ತು. ಆದರೂ ಹೇಳಬೇಕು.

ಇವತ್ತು ಬೆಳಿಗ್ಗೆ ಹಳೇಬೀಡಿನಲ್ಲಿ ಫುಟ್‌ಬಾಲ್ ಪಂದ್ಯವಿತ್ತು. ಕೆರೆ ಕಡೆಯ ಮಂಜು ಮೈದಾನಕ್ಕೆ ಹರಡಿ, ಎಲ್ಲರ ಕಾಲು ಮರೆಯಾಗಿ, ಆಟಗಾರ್ತಿಯರೆಲ್ಲ ತೇಲುತ್ತಿದ್ದಂತಿತ್ತು. ಚೆಂಡು ನನ್ನ ಹತ್ತಿರ ಬರುವ ಮೊದಲೇ ಭುಜದಾಚೆಗೆ ನೋಡಿ, ಮೈಯನ್ನು ಅರ್ಧ ಓರೆ ಮಾಡಿ ನಿಂತೆ. ಎದುರಾಳಿ ಬೆನ್ನಿಗೆ ಬರುವಷ್ಟರಲ್ಲಿ ಚೆಂಡಿನೊಂದಿಗೆ ತಿರುಗಿಬಿಟ್ಟಿದ್ದೆ.

"ಅಂತೂ ಕತ್ತು ತಿರುಗ್ಸೋದು ಕಲಿತೆ ಕಣಮ್ಮ!" ಎಂದು ಕೋಚ್ ಗುರುಮೂರ್ತಿ ಸರ್ ಕೂಗಿದರು.

ಮೊದಲು ಕಲಿಯುವ ಅಗತ್ಯವೇ ಇರಲಿಲ್ಲವಲ್ಲ. ನನ್ನ ಹಿಂದೆ ಡಿಫೆನ್ಸಿನಲ್ಲಿ ನೀನಿದ್ದೆ. "ಬೆನ್ನಿಗೇ ಬತ್ತಾವ್ಳೆ ಕಣೇ, ಎಡಕ್ಕೆ ತಿರುಗು" ಎನ್ನುತ್ತಿದ್ದೆ.

ಹಗರೆಯಲ್ಲಿ ನಡೆದ ಪಂದ್ಯದಲ್ಲೂ ನೀನು ನನ್ನ ಹೆಸರು ಹಿಡಿದು ಕೂಗಿದೆ. ಎಂದಿನ ಹಾಗೇ ಎಂದುಕೊಂಡು ನಾನು ತಿರುಗಿ ನೋಡದೆ ಮುಂದೆ ಓಡಿದೆ, ಗೋಲು ಹೊಡೆದೆ, ಕುಣಿದೆ. ನೀನು ಮಂಡಿ ಹಿಡಿದುಕೊಂಡು ಬಿದ್ದಿದ್ದು ಆಮೇಲೆ ಕಂಡಿತು. ಅಂದಿನಿಂದ ನೀನು ಮೈದಾನಕ್ಕೆ ಬರಲಿಲ್ಲ, ನನ್ನ ಫೋನೂ ಎತ್ತಲಿಲ್ಲ.

ಈಗ ಪ್ರತಿ ಸಲವೂ ಹಿಂದೆ ನೋಡುತ್ತೇನೆ. ನಿನ್ನ ಜಾಗದಲ್ಲಿ ನಂದಿತಾ ಎಂಬ ಹೊಸ ಹುಡುಗಿ ನಿಲ್ಲುತ್ತಾಳೆ. ಚೆನ್ನಾಗಿ ಆಡುತ್ತಾಳೆ. ಏನನ್ನೂ ಕೂಗುವುದಿಲ್ಲ.

ಕೂಗಬೇಡ, ಹಿಂದೆ ನೋಡಿಕೊಳ್ಳುವುದು ನನ್ನ ಕೆಲಸ ಎಂದು ನಾನೇ ಹೇಳಿದ್ದೇನೆ.