ಬರಿಯ ನೀರಿನ ಬಾಟಲಿ

ಜೂನ್ 3, ಬೆಳಿಗ್ಗೆ 6

ನಿನ್ನೆ ಸೊಳ್ಳೆಮರಿ ಸರ್ವೆಗೆ ನಲವತ್ತೊಂದು ಮನೆ. ಒಂಬತ್ತು ಡ್ರಮ್ಮುಗಳಲ್ಲಿ ಸೊಳ್ಳೆಮರಿ. ಔಷಧಿ ಹಾಕುತ್ತೇನೆಂದರೆ ಅದೇ ಜಗಳ: "ಕುಡಿಯೋ ನೀರಿಗೆ ವಿಷ ಹಾಕ್ತೀಯೇನಮ್ಮಾ?" ಅದಕ್ಕೇ ಮನೆಮದ್ದು ಪರೀಕ್ಷೆ. ಅಡುಗೆಮನೆ ಕಿಟಕಿಯಲ್ಲಿ ನಾಲ್ಕು ಬಾಟಲಿ, ತಲಾ ಇಪ್ಪತ್ತು ಮರಿ. ಬೇವಿನೆಣ್ಣೆ, ಬೆಳ್ಳುಳ್ಳಿ ರಸ, ಕಾಫಿ ಚರಟ. ನಾಲ್ಕನೆಯದು ಬರಿಯ ನೀರು, ಹೋಲಿಸಿ ನೋಡಲು. ಬಾಯಿಗೆ ಬಟ್ಟೆ, ರಬ್ಬರ್ ಬ್ಯಾಂಡು.

ಅಕ್ಕ ನಕ್ಕಳು. "ಊರಿಗೆಲ್ಲ ನೀರು ಚೆಲ್ಲಿ ಅಂತೀಯ, ಮನೇಲಿ ಸೊಳ್ಳೆ ಸಾಕ್ತೀಯ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ!"

ಜೂನ್ 5

ಬೇವಿನೆಣ್ಣೆಯಲ್ಲಿ ಒಂದೂ ಅಲ್ಲಾಡುತ್ತಿಲ್ಲ. ಬೆಳ್ಳುಳ್ಳಿಯಲ್ಲಿ ಹದಿನಾಲ್ಕು ಸತ್ತಿವೆ. ಚರಟದಲ್ಲಿ ಆರಾಮಾಗಿ ಈಜುತ್ತಿವೆ. "ಕಾಫಿ ಕುಡಿದು ಚುರುಕಾಗಿವೆ ಬಿಡೆ," ಅಂದಳು ಅಕ್ಕ.

ಎದುರುಮನೆ ಅಜ್ಜಿಯ ಡ್ರಮ್ ನೋಡಿದೆ. ವಾರ ತಪ್ಪದೆ ಉಜ್ಜಿ ತೊಳೆದು ಒಣಗಿಸುತ್ತಾರೆ, ತೊಟ್ಟಿಗೆ ಮೂರು ಮೀನು ಬಿಟ್ಟಿದ್ದಾರೆ. ಒಂದೂ ಮರಿ ಇಲ್ಲ. ನನ್ನ ಬಾಟಲಿಗಳಿಗಿಂತ ಅವರ ಬ್ರಶ್ಶೇ ವಾಸಿ.

ಜೂನ್ 8

ಮೂರು ಬಾಟಲಿ ಚೆಲ್ಲಿದೆ. ಬರಿಯ ನೀರಿನಲ್ಲಿ ಮರಿಗಳು ಗುಂಡಗೆ ಬಾಗಿವೆ. ಪ್ಯೂಪಾ. ಎರಡು ದಿನಕ್ಕೆ ರೆಕ್ಕೆ ಬರುತ್ತದೆ. ಎಷ್ಟು ಹೊತ್ತಿಗೆ ಹೊರಡುತ್ತವೋ ಬರೆದಿಡುವ ಆಸೆ. ಅಷ್ಟರಲ್ಲಿ ಸೂಪರ್‌ವೈಸರ್ ಫೋನು: ಎರಡು ದಿನ ಟ್ರೈನಿಂಗ್, ಈಗಲೇ ಹೊರಡು. ಬಟ್ಟೆ ಕಟ್ಟಿದೆಯಲ್ಲ... ಬಂದು ಚೆಲ್ಲಿದರಾಯಿತು.

ಜೂನ್ 11

ರಬ್ಬರ್ ಬ್ಯಾಂಡು ಹಳೆಯದು. ಹರಿದು ಬಿದ್ದಿತ್ತು. ಬಟ್ಟೆ ಪಕ್ಕಕ್ಕೆ ಜಾರಿತ್ತು. ನೀರಿನ ಮೇಲೆ ಖಾಲಿ ಪೊರೆಗಳು, ಎಣಿಸಿದೆ — ಹದಿನೇಳು. ಬಾಟಲಿ ತೊಳೆದಿಟ್ಟೆ. ಅಕ್ಕನಿಗೆ ಹೇಳಲಿಲ್ಲ. ಮೊಟ್ಟೆಯಿಂದ ಬಂದ ಸೊಳ್ಳೆಗೆ ಸಾಮಾನ್ಯವಾಗಿ ರೋಗ ಇರುವುದಿಲ್ಲ, ಮೊದಲು ರೋಗಿಯನ್ನು ಕಚ್ಚಬೇಕು. ಟ್ರೈನಿಂಗಿನಲ್ಲೂ ಅದನ್ನೇ ಹೇಳಿದರು.

ಜೂನ್ 13

ಎದುರುಮನೆ ಅಜ್ಜಿಯ ಸೊಸೆಗೆ ಡೆಂಗ್ಯೂ. ಮೊನ್ನೆಯಿಂದ ಜ್ವರವಂತೆ.

ಜೂನ್ 28

ಅಕ್ಕನಿಗೆ ಜ್ವರ. ಕಣ್ಣಿನ ಹಿಂದೆ ನೋವು ಅನ್ನುತ್ತಾಳೆ.

ಜುಲೈ 2

ಪ್ಲೇಟ್ಲೆಟ್ ಇಳಿಯುತ್ತಿದೆ. ಭಾವ ಆಸ್ಪತ್ರೆಯಲ್ಲಿ ಕೂತಲ್ಲೇ ಕೂತಿದ್ದಾರೆ. ಅಕ್ಕ ಕೇಳಿದಳು, "ನಿನ್ನ ಪರೀಕ್ಷೆ ಮುಗೀತೇನೆ?" ಮುಗೀತು ಅಂದೆ.

ಜುಲೈ 17

ಇವತ್ತು ಕೆಲಸಕ್ಕೆ ಹೋದೆ. ಮೂವತ್ತಾರು ಮನೆ. ಡ್ರಮ್ಮು, ಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ. ಮನೆಮದ್ದು ಕೇಳಿದವರಿಗೆಲ್ಲ ಒಂದೇ ಮಾತು: ಚೆಲ್ಲಿ, ಉಜ್ಜಿ, ಮುಚ್ಚಿ. ಯಾರೋ ಪಾಪ ಅಂದರು. ಅಳು ಬರಲಿಲ್ಲ. ಅಕ್ಕ ಹೋಗಿ ಹದಿಮೂರು ದಿನ. ಏನೂ ಅನ್ನಿಸುವುದೇ ಇಲ್ಲ. ಮೈಗೆ ಅರಿವಳಿಕೆ ಕೊಟ್ಟ ಹಾಗೆ.

ಜುಲೈ 19

ಸಾವಾದ ಬೀದಿಗೆ ಒಂದು ಫಾರ್ಮ್ ಇದೆ: ಮರಿಗಳ ಮೂಲ ಯಾವ ಮನೆ? ತುಂಬಬೇಕಾದವಳು ನಾನು. ಭಾವ ಅಂದರು, "ಅಜ್ಜಿ ಡ್ರಮ್ಮೇ. ಬೀದಿಗೆಲ್ಲ ಗೊತ್ತು. ಬರಿ." ಬೀದಿಯವರು ಆಗಲೇ ಆ ಡ್ರಮ್ ಒಡೆದಿದ್ದಾರೆ. ಸೊಸೆ ಹುಷಾರಾಗಿದ್ದಾಳೆ, ಅವಳೊಂದಿಗೂ ಯಾರೂ ಮಾತಾಡುತ್ತಿಲ್ಲ.

ಸಂಜೆ ಅಜ್ಜಿ ಗೇಟಿನ ಹೊರಗೇ ನಿಂತರು. "ನೀನೇ ಬಗ್ಗಿ ನೋಡಿದ್ಯಲ್ಲಮ್ಮಾ. ಮರಿ ಇರಲಿಲ್ಲ ಅಂತ ಒಂದು ಮಾತು ಹೇಳು, ಸಾಕು."

ಹೂಂ ಅಂತ ತಲೆಯಾಡಿಸಿ ಒಳಗೆ ಬಂದೆ.

ಜುಲೈ 20, ಬೆಳಿಗ್ಗೆ 6.30

ಬರೆದೆ. ನಮ್ಮ ಮನೆ ನಂಬರು. ಅಡುಗೆಮನೆ. ಬಾಟಲಿ. ಆ ಹದಿನೇಳರಲ್ಲಿ ಯಾವುದು ಎದುರುಮನೆಗೆ ಹೋಗಿ ಬಂತೋ, ಒಂದೂ ಹೋಗಲಿಲ್ಲವೋ, ಯಾರೂ ಹೇಳಲಾರರು. ಆದರೆ ಮರಿ ಇದ್ದದ್ದು ನಮ್ಮಲ್ಲಿ, ಅಜ್ಜಿಯ ಮನೆಯಲ್ಲಲ್ಲ.

ಭಾವ ಎದ್ದು ಬಂದು ಫಾರ್ಮ್ ಎತ್ತಿಕೊಂಡರು. ಮೊದಲ ಸಾಲು ನೋಡಿ ನನ್ನ ತಲೆ ಸವರಿದರು. "ಪಾಪ, ಮನಸ್ಸೇ ನೆಟ್ಟಗಿಲ್ಲ ನಿಂಗೆ. ನಮ್ಮ ನಂಬರೇ ಬರೆದುಬಿಟ್ಟಿದ್ದೀಯ ನೋಡು. ತಿದ್ದು, ನಾನೇ ಕೊಟ್ಟು ಬರ್ತೀನಿ." ಪೆನ್ನನ್ನೂ ಕೈಗೆ ಕೊಟ್ಟರು.

ಒಳಗೆ ಮುಖ ತೊಳೆಯುತ್ತಿದ್ದಾರೆ. ನಲ್ಲಿ ನಿಂತಿತು. ಬರುತ್ತಿದ್ದಾರೆ. ಭಾವ, ನಾನು ಬರೆದದ್ದು ತಪ್ಪಲ್ಲ, ಅದು —